ಒಂದೂವರೆ ಮೊಳದ ಕನ್ನಡಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಾಡಕಚೇರಿ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ, ಉಪನೋಂದಣಿ ಕಚೇರಿಯ ಆಸುಪಾಸು ಮತ್ತು ಡಿಟಿಪಿ ಅಂಗಡಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಎಲ್ಲರಿಗೆ,



ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮ ಕಡೆಯ ಯಾವ ನಾಡಕಚೇರಿಯ ಕಿಟಕಿಯ ಮುಂದೆ ನಿಂತರೂ ಕಾಣುವ ನೋಟ ಒಂದೇ. ಒಳಗೆ ಕೂತವರು ಕನ್ನಡಕ ತೆಗೆದು ಕೀಬೋರ್ಡಿನ ಪಕ್ಕ ಇಡುತ್ತಾರೆ. ಮೂಗಿನ ಬುಡಕ್ಕೆ ಎರಡು ಬೆರಳು ಒತ್ತಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ ಕನ್ನಡಕ ಏರಿಸಿಕೊಂಡು "ಮುಂದಿನವರು ಬನ್ನಿ" ಅನ್ನುತ್ತಾರೆ. ಸಾಲಿನಲ್ಲಿ ಬೆಳಗ್ಗೆಯಿಂದ ನಿಂತವರಿಗೆ ಅದು ಸೋಮಾರಿತನವಾಗಿ ಕಾಣಬಹುದು. ನನಗೆ ಮಾತ್ರ ಆ ಎರಡು ಬೆರಳಿನ ಒತ್ತು ಎಲ್ಲಿಂದ ಬರುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನಾನೂ ಅದನ್ನೇ ಮಾಡಿದವನು.

1998ರಿಂದ ಚನ್ನಪಟ್ಟಣದಲ್ಲಿ ಡಿಟಿಪಿ ಮಾಡಿಕೊಂಡು ಬಂದಿದ್ದೇನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಗ್ರಾಮಸಭೆಯ ನೋಟಿಸು, ಹಬ್ಬದ ಕರಪತ್ರ, ಕ್ರಯಪತ್ರದ ಕರಡು, ಹೀಗೆ ಈ ಊರಿನ ಸುಖದುಃಖವೆಲ್ಲ ನನ್ನ ಪರದೆಯ ಮೇಲೆ ಹಾದುಹೋಗಿದೆ. ಕೆಲವು ವರ್ಷಗಳ ಹಿಂದೆ ಕನಕಪುರದ ಕಡೆಯ ರೈತರೊಬ್ಬರ ಕ್ರಯಪತ್ರದಲ್ಲಿ ಸರ್ವೆ ನಂಬರಿನ ೯ ಅನ್ನು ೬ ಎಂದು ಹೊಡೆದುಬಿಟ್ಟೆ. ಕನ್ನಡದ ಈ ಎರಡು ಅಂಕಿಗಳು ಎಷ್ಟು ಹತ್ತಿರದ ದಾಯಾದಿಗಳು ಅನ್ನುವುದು ನಿಮಗೆ ಹೇಳಬೇಕಿಲ್ಲ. ವ್ಯತ್ಯಾಸ ಇರುವುದು ಬಾಲದ ತಿರುವಿನಲ್ಲಿ ಅಷ್ಟೇ. ಸಹಿ ಹಾಕುವ ಮುಂಚೆ ಅವರ ಮಗಳು ಚಕ್ಕುಬಂದಿಯ ಜೊತೆ ತಾಳೆ ನೋಡಿ ತಪ್ಪು ಹಿಡಿದಳು. ಹಿಡಿಯದೇ ಹೋಗಿದ್ದರೆ ತಿದ್ದುಪಡಿ ಪತ್ರ, ಮತ್ತೊಮ್ಮೆ ನೋಂದಣಿ, ಪಹಣಿ ಸರಿಪಡಿಸಲು ಅರ್ಜಿ, ಒಂದೊಂದಕ್ಕೂ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೈ ತಪ್ಪಿರಲಿಲ್ಲ, ನನಗೆ ಆ ಬಾಲವೇ ಕಂಡಿರಲಿಲ್ಲ.

ನಮ್ಮ ರಾಜ್ಯದಲ್ಲಿ ನೆಲ, ಮನೆ, ಪಿಂಚಣಿ, ಜಾತಿ, ಆದಾಯ ಎಲ್ಲವೂ ಈಗ ಯಾರೋ ಒಬ್ಬರ ಕಣ್ಣಿನ ಮೂಲಕವೇ ಹಾದು ದಾಖಲಾಗಬೇಕು. ಭೂಮಿ ಯೋಜನೆಯಲ್ಲಿ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ಹೆಸರುಗಳು ಕಂಪ್ಯೂಟರಿಗೆ ಏರಿದವು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಿಂದ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಹುಳು ತಿಂದ ಹಾಳೆಯ ಮಸುಕು ಶಾಯಿಯನ್ನು ಓದಿ, ಅದನ್ನೇ ಪರದೆಯ ಮೇಲೆ ತಾಳೆ ಹಾಕುವ ಹುಡುಗ ಹುಡುಗಿಯರನ್ನು ನೋಡಿದಾಗ ನನಗೆ ಮೊದಲು ನೆನಪಾಗುವುದು ಅವರ ಕಣ್ಣು. ಸ್ಕ್ಯಾನರಿಗೆ ಸರ್ವಿಸ್ ಮಾಡಿಸುತ್ತಾರೆ, ಪ್ರಿಂಟರಿಗೆ ಟೋನರ್ ತುಂಬಿಸುತ್ತಾರೆ. ಅವನ್ನು ನಡೆಸುವವರ ಕಣ್ಣನ್ನು ಕೇಳುವವರು ಯಾರು?

ನನ್ನ ಕಥೆಗೆ ಬರುತ್ತೇನೆ. ನಲವತ್ತಮೂರಕ್ಕೆ ನನಗೆ ಚಾಳೀಸು ಬಂತು. ಅಂಗಡಿಯಲ್ಲಿ ಕೈಗೆ ಒಂದು ಕಾರ್ಡು ಕೊಟ್ಟು ಓದಿಸಿದರು. ಅಕ್ಷರ ಮುತ್ತು ಪೋಣಿಸಿದ ಹಾಗೆ ಕಂಡವು, ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮಾರನೇ ದಿನ ಕಂಪ್ಯೂಟರ್ ಮುಂದೆ ಕೂತರೆ ಮಂಜು. ಅಕ್ಷರ ತಿಳಿಯಾಗಬೇಕೆಂದರೆ ಪರದೆಯತ್ತ ಬಾಗಬೇಕಿತ್ತು. ಬಾಗಿ ಬಾಗಿ ಸೊಂಟ ಹಿಡಿಯಿತು. ಆಮೇಲೆ ಬೈಫೋಕಲ್ ಮಾಡಿಸಿದೆ. ಅದರಲ್ಲಿ ಓದುವ ನಂಬರು ಕೆಳಗಿನ ತುಂಡಿನಲ್ಲಿರುತ್ತದೆ, ಪರದೆ ಇರುವುದು ಎದುರಿಗೆ. ಹಾಗಾಗಿ ಇಡೀ ದಿನ ಗಲ್ಲ ಮೇಲೆತ್ತಿ, ಕತ್ತು ಹಿಂದಕ್ಕೆ ಮಾಡಿ, ಮೂಗಿನ ತುದಿಯಿಂದ ಇಣುಕಿದಂತೆ ಟೈಪ್ ಮಾಡಿದೆ. ಕತ್ತು ನೋವು ಭುಜಕ್ಕೆ ಇಳಿಯಿತು. ಮೂಳೆ ಸವೆತ ಇರಬೇಕೆಂದು ಎಣ್ಣೆ ಹಚ್ಚಿಸಿಕೊಂಡೆ, ಕತ್ತಿಗೆ ಪಟ್ಟಿ ಕಟ್ಟಿಕೊಂಡೆ. ಮೂರು ವರ್ಷ ಹೀಗೇ ಹೋಯಿತು.

ಕೊನೆಗೆ ಒಂದು ಕಣ್ಣಿನ ಶಿಬಿರದಲ್ಲಿ, ನಂಬರು ನೋಡುತ್ತಿದ್ದ ಹೆಣ್ಣುಮಗಳೊಬ್ಬರು ನನ್ನ ಬೈಫೋಕಲ್ ಕೈಗೆ ತೆಗೆದುಕೊಂಡು, "ಏನು ಕೆಲಸ ಸಾರ್ ನಿಮ್ಮದು?" ಎಂದರು. ಹೇಳಿದೆ. "ನಿಮ್ಮ ಕಂಪ್ಯೂಟರ್ ಕಣ್ಣಿಂದ ಎಷ್ಟು ದೂರ ಇರುತ್ತೆ?"

ನನ್ನ ಬಾಯಿ ಕಟ್ಟಿತು. ಎರಡು ಕನ್ನಡಕ ಮಾರಿದವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಈ ಪತ್ರವನ್ನು ಬರೆಯುತ್ತಿರುವುದೇ ಆ ಒಂದು ಪ್ರಶ್ನೆಗಾಗಿ.

ಮೊಳದ ಲೆಕ್ಕದಲ್ಲಿ ಹೇಳುತ್ತೇನೆ, ಹೂವಿನ ಮಾರ್ಕೆಟ್ಟಿನ ದಯೆಯಿಂದ ನಮಗೆಲ್ಲ ಅದು ಕರಗತ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ, ಹೆಚ್ಚುಕಮ್ಮಿ 45 ಸೆಂಟಿಮೀಟರ್. ನಾವು ಪುಸ್ತಕ, ಪೇಪರು ಓದುವುದು ಮೊಳಕ್ಕೆ ಎರಡು ಮೂರು ಬೆರಳು ಕಮ್ಮಿ ದೂರದಲ್ಲಿ, ಅಂದರೆ 40 ಸೆಂಟಿಮೀಟರ್ ಸುಮಾರು. ಚಾಳೀಸಿನ ಕನ್ನಡಕವನ್ನು ಅಳೆದು ಕೊಡುವುದು ಆ ದೂರಕ್ಕೆ. ಮೊಬೈಲು ಇನ್ನೂ ಹತ್ತಿರ, ಒಂದೂವರೆ ಗೇಣು. ಟೇಬಲ್ ಮೇಲಿನ ಮಾನಿಟರ್ ಮಾತ್ರ ಕಣ್ಣಿನಿಂದ ಒಂದೂವರೆ ಮೊಳದ ಆಚೆ ಈಚೆ, 60ರಿಂದ 70 ಸೆಂಟಿಮೀಟರ್ ದೂರದಲ್ಲಿ ಕೂತಿರುತ್ತದೆ. ಓದುವ ಕನ್ನಡಕಕ್ಕೆ ಅದು ದೂರವಾಯಿತು, ಬಸ್ಸಿನ ಬೋರ್ಡು ಓದುವ ಕನ್ನಡಕಕ್ಕೆ ಹತ್ತಿರವಾಯಿತು. ನಡುವಿನ ಆ ಜಾಗಕ್ಕೆ ನಮ್ಮಲ್ಲಿ ಬಹಳ ಜನರ ಬಳಿ ಕನ್ನಡಕವೇ ಇಲ್ಲ.

ನಂಬರಿನ ಲೆಕ್ಕ ಕಷ್ಟದ್ದೇನಲ್ಲ. ಒಂದನ್ನು, ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಕಣ್ಣು ಎಷ್ಟು ಬಲ ಹಾಕಬೇಕು ಅನ್ನುವುದು ಬರುತ್ತದೆ. 0.40 ಮೀಟರಿಗೆ 2.50. 0.66 ಮೀಟರಿಗೆ 1.50. ಎರಡಕ್ಕೂ ನಡುವೆ ಪೂರಾ ಒಂದು ನಂಬರಿನ ವ್ಯತ್ಯಾಸ. ಎಳೆಯ ವಯಸ್ಸಿನಲ್ಲಿ ಕಣ್ಣಿನೊಳಗಿನ ಮಸೂರ ಮೆತ್ತಗಿದ್ದು, ಸ್ನಾಯು ಬಿಗಿದಾಗ ಉಬ್ಬಿ ಈ ಬಲವನ್ನು ತಾನೇ ಒದಗಿಸುತ್ತದೆ. ನಲವತ್ತರ ನಂತರ ಮಸೂರ ಗಡುಸಾಗುತ್ತ ಬರುತ್ತದೆ, ಕೊರತೆಯನ್ನು ಗಾಜು ತುಂಬಬೇಕು. ಓದಲು ಪ್ಲಸ್ 2 ಬೇಕಾದ ಐವತ್ತರವರಿಗೆ ಪರದೆ ನೋಡಲು ಪ್ಲಸ್ 1ರ ಆಸುಪಾಸು ಸಾಕಾಗುತ್ತದೆ. ನಾನು ಅದೆಷ್ಟು ದಿನ ಎರಡರ ಗಾಜಿನಿಂದ ಒಂದರ ಕೆಲಸ ಮಾಡಲು ಹೆಣಗಿದೆನೋ!

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ. ಮೈನಸ್ 1.50 ಇರುವವರಿಗೆ ಬರಿಗಣ್ಣಿಗೆ ತಿಳಿಯಾಗಿ ಕಾಣುವ ಗರಿಷ್ಠ ದೂರ ಹೆಚ್ಚುಕಮ್ಮಿ ಒಂದೂವರೆ ಮೊಳ. ನಲವತ್ತು ದಾಟಿದ ಅಂಥವರು ಕನ್ನಡಕ ಹಣೆಗೇರಿಸಿ ಕಂಪ್ಯೂಟರ್ ನೋಡುತ್ತಿದ್ದರೆ ಮನೆಯವರು, ಕನ್ನಡಕ ಯಾಕೆ ತೆಗೆದಿರಿ ಎಂದು ಗದರುವುದುಂಟು. ಗದರಬೇಡಿ. ಸಿಲಿಂಡರ್ ನಂಬರು (ಅಸ್ಟಿಗ್ಮ್ಯಾಟಿಸಂಗೆ ಕೊಡುವುದು) ಇಲ್ಲದೆ, ಎರಡೂ ಕಣ್ಣು ಸಮನಾಗಿದ್ದರೆ ಅವರು ಮಾಡುತ್ತಿರುವುದು ಸರಿಯೇ.

ಹಾಗಾದರೆ ಯಾವ ಕನ್ನಡಕ? ದಿನವಿಡೀ ಪರದೆಯನ್ನೇ ನೋಡುವವರಿಗೆ, ಎದ್ದು ಓಡಾಡುವುದು ಕಡಿಮೆ ಇರುವವರಿಗೆ, ಆ ದೂರಕ್ಕೆಂದೇ ಮಾಡಿಸಿದ ಒಂದೇ ನಂಬರಿನ ಸಾದಾ ಕನ್ನಡಕದಷ್ಟು ಸುಖ ಬೇರೆ ಇಲ್ಲ. ಗಾಜಿನ ಯಾವ ಮೂಲೆಯಿಂದ ನೋಡಿದರೂ ಪರದೆ ತಿಳಿ, ಬೆಲೆಯೂ ಕಡಿಮೆ. ಅದನ್ನು ಮಾನಿಟರ್ ಪಕ್ಕದಲ್ಲೇ ಇಟ್ಟಿರಿ, ಗಾಡಿ ಓಡಿಸುವಾಗ ಹಾಕಿಕೊಳ್ಳಬೇಡಿ. ನಾಡಕಚೇರಿಯ ಕೆಲಸ ಸ್ವಲ್ಪ ಬೇರೆ: ಒಂದು ಕಣ್ಣು ಅರ್ಜಿಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ, ನಡುವೆ ಕಿಟಕಿಯಾಚೆಯ ಮುಖ. ಅಂಥವರು ಆಫೀಸ್ ಲೆನ್ಸ್ ಎಂದು ಕೇಳಿ. ಅದರಲ್ಲಿ ಮೇಲಿನಿಂದ ನಡುವಿನವರೆಗೆ ಪರದೆಯ ದೂರ, ಕೆಳಗೆ ಕಾಗದದ ದೂರ. ಮಾಮೂಲಿ ಪ್ರೋಗ್ರೆಸಿವ್ ಲೆನ್ಸಿನಲ್ಲಿ ಮೂರೂ ದೂರ ಇರುತ್ತವೆ ನಿಜ, ಆದರೆ ಪರದೆಯ ಪಾಲಿಗೆ ಸಿಗುವುದು ನಡುವಿನ ಒಂದು ಇಕ್ಕಟ್ಟಾದ ಓಣಿ. ಸಾಲು ಓದಲು ಕಣ್ಣಿನ ಬದಲು ತಲೆಯನ್ನೇ ಎಡದಿಂದ ಬಲಕ್ಕೆ ತಿರುಗಿಸಬೇಕಾಗುತ್ತದೆ. ಮದುವೆ, ಜಾತ್ರೆ, ಪೇಟೆಗೆ ಅದು ಒಳ್ಳೆಯದು. ಎಂಟು ಗಂಟೆಯ ಟೈಪಿಂಗಿಗೆ ನಾನು ಅದನ್ನು ಹೇಳಲಾರೆ.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ರೆಡಿಮೇಡ್ ಕನ್ನಡಕವನ್ನು ನಾನು ಹಳಿಯುವುದಿಲ್ಲ. ಎರಡೂ ಕಣ್ಣಿಗೆ ಒಂದೇ ನಂಬರು, ಸಿಲಿಂಡರ್ ಇಲ್ಲ ಅನ್ನುವವರಿಗೆ ಅದು ಹೊತ್ತಿಗೆ ಒದಗುತ್ತದೆ. ಆದರೆ ಎಡಗಣ್ಣು ಬಲಗಣ್ಣು ಬೇರೆಬೇರೆಯಾಗಿರುವವರು, ಎರಡು ಪಾಪೆಗಳ ನಡುವಿನ ಅಳತೆ ಆ ಫ್ರೇಮಿಗೆ ಹೊಂದದವರು ಅದನ್ನು ಹಾಕಿ ದಿನವಿಡೀ ಕೂತರೆ ಸಂಜೆಗೆ ತಲೆನೋವು ಖಂಡಿತ.

ಈಗ ಬ್ಲೂ ಕಟ್ ವಿಷಯ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಅಂಗಡಿಯವರು ನೀಲಿ ಬೆಳಕಿನ ಪುಟ್ಟ ಟಾರ್ಚು ತೆಗೆದು ಒಂದು ಕಾರ್ಡಿನ ಮೇಲೆ ಬಿಡುತ್ತಾರೆ, ನಡುವೆ ಲೆನ್ಸ್ ಹಿಡಿಯುತ್ತಾರೆ, ನೀಲಿ ಚುಕ್ಕೆ ಮಾಯವಾಗುತ್ತದೆ. ಕಂಪ್ಯೂಟರಿನ ವಿಷವನ್ನು ಲೆನ್ಸು ಹೀಗೇ ತಡೆಯುತ್ತದೆ ಅನ್ನುತ್ತಾರೆ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ದುಡಿಯುವ ಹುಡುಗಿಯೊಬ್ಬಳು ಇದನ್ನು ನಂಬಿ, ನಂಬರೇ ಇಲ್ಲದ ಬ್ಲೂ ಕಟ್ ಕನ್ನಡಕಕ್ಕೆ ದೊಡ್ಡ ಮೊತ್ತ ತೆತ್ತು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವಳ ತಲೆನೋವು ಹೋಗಲಿಲ್ಲ. 2023ರ ಆಗಸ್ಟಿನಲ್ಲಿ ಕಾಕ್ರೇನ್ ಸಂಸ್ಥೆ ಈ ಲೆನ್ಸುಗಳ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸಕ್ಕೆ ಸಾದಾ ಲೆನ್ಸಿಗಿಂತ ಇವುಗಳಿಂದ ಅಲ್ಪಾವಧಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ ಎಂದಿತು. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಕಂಪ್ಯೂಟರಿಗಾಗಿ ಇವನ್ನು ಶಿಫಾರಸು ಮಾಡುವುದಿಲ್ಲ. ಮಟಮಟ ಮಧ್ಯಾಹ್ನ ಅಂಗಡಿಯಿಂದ ಆಚೆ ಬಂದು ಚಹಾ ಕುಡಿಯುವಾಗ ಸೂರ್ಯನಿಂದ ಕಣ್ಣಿಗೆ ಬೀಳುವ ನೀಲಿ ಬೆಳಕಿನ ಮುಂದೆ ಪರದೆಯದ್ದು ಲೆಕ್ಕಕ್ಕಿಲ್ಲ. ಆ ದುಡ್ಡನ್ನು ಸರಿಯಾದ ನಂಬರಿಗೆ ಹಾಕಿ. ಉಳಿದರೆ ಆಂಟಿ ಗ್ಲೇರ್ ಲೇಪ ಮಾಡಿಸಿ, ಟ್ಯೂಬ್‌ಲೈಟಿನ ಬಿಂಬ ಗಾಜಿನ ಮೇಲೆ ಕೂರದಂತೆ ಅದು ನೋಡಿಕೊಳ್ಳುತ್ತದೆ.

ನಲವತ್ತರ ಒಳಗಿನ ತಮ್ಮ ತಂಗಿಯರು, ನಮಗೆ ಚಾಳೀಸು ಇನ್ನೂ ಬಂದಿಲ್ಲವಲ್ಲ ಎಂದು ಈ ಪತ್ರವನ್ನು ಮಡಚಿಡಬೇಡಿ. ನಿಮ್ಮ ವಯಸ್ಸಿನಲ್ಲಿ ತೊಂದರೆ ಕೊಡುವುದು ಗೊತ್ತಾಗದೆ ಉಳಿದ ಸಣ್ಣ ನಂಬರು. ಅರ್ಧ ಮುಕ್ಕಾಲು ಸಿಲಿಂಡರ್ ಇದ್ದರೆ ಬೆಟ್ಟ, ಬಸ್ಸು, ಮನುಷ್ಯರ ಮುಖ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಒತ್ತಕ್ಷರ ಮಾತ್ರ ಕಲಸಿಕೊಳ್ಳುತ್ತದೆ. ನಮ್ಮ ಲಿಪಿಯಲ್ಲಿ ಅರ್ಥ ಇರುವುದೇ ಸಣ್ಣ ಸಣ್ಣ ಕಡೆ: ಪ ಮತ್ತು ಷ, ಬ ಮತ್ತು ಭ, ಹೊಟ್ಟೆ ಸೀಳಿದ ಧ, ಚುಕ್ಕೆ ಇಟ್ಟ ಥ, ಕಾಲಡಿಯ ವತ್ತು. ಇಂಗ್ಲಿಷಿಗೆ ಸಾಕಾಗುವ 11 ಪಾಯಿಂಟು ಕನ್ನಡಕ್ಕೆ ಸಾಲದು. ಟೈಪ್ ಮಾಡುವಾಗ ಪುಟವನ್ನು 130, 150ಕ್ಕೆ ಹಿಗ್ಗಿಸಿಕೊಳ್ಳಿ. ಪ್ರಿಂಟಿಗೆ ಅದರಿಂದ ಏನೂ ಆಗುವುದಿಲ್ಲ, ಕಾಸೂ ಖರ್ಚಿಲ್ಲ.

ಕನ್ನಡಕ ಎಷ್ಟೇ ಸರಿಯಿದ್ದರೂ ಅದು ಮಾಡಲಾರದ ಕೆಲಸವೊಂದಿದೆ, ರೆಪ್ಪೆ ಬಡಿಯುವುದು. ಸಹಜವಾಗಿ ನಿಮಿಷಕ್ಕೆ ಹದಿನೈದರ ಸುಮಾರು ಬಡಿಯುವ ರೆಪ್ಪೆ, ಪರದೆಯಲ್ಲಿ ಮುಳುಗಿದಾಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಣ್ಣು ಒಣಗುತ್ತದೆ, ಮರಳು ಬಿದ್ದಂತೆ ಆಗುತ್ತದೆ, ಆಮೇಲೆ ನೀರು ಸುರಿಯುತ್ತದೆ. ನಮ್ಮ ಕಚೇರಿಗಳಲ್ಲಿ ಇದಕ್ಕೆ ಟೇಬಲ್ ಫ್ಯಾನಿನ ಸಹಾಯವೂ ಸಿಗುತ್ತದೆ, ಗಾಳಿ ನೇರ ಮುಖಕ್ಕೆ. ಫ್ಯಾನನ್ನು ಬೆನ್ನ ಕಡೆಗೆ ತಿರುಗಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಲಿ, ರೆಪ್ಪೆ ಅಷ್ಟು ಇಳಿದಿರುತ್ತದೆ, ಕಣ್ಣು ಬೇಗ ಆರುವುದಿಲ್ಲ. ಮಾನಿಟರನ್ನು ಸಿಪಿಯು ಮೇಲೋ ದಪ್ಪ ರಿಜಿಸ್ಟರುಗಳ ಮೇಲೋ ಏರಿಸಿ ಕೂರಿಸಿದ್ದರೆ ಇವತ್ತೇ ಇಳಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆ ಇಪ್ಪತ್ತು ಸೆಕೆಂಡು ನೋಡಿ ಅನ್ನುವ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ. ರಾಮನಗರದವರಿಗೆ ರಾಮದೇವರ ಬೆಟ್ಟ ಇದೆ, ಮಾಗಡಿಯವರಿಗೆ ಸಾವನದುರ್ಗ ಇದೆ. ಅಷ್ಟು ದೂರ ನೋಡಬಲ್ಲ ಕಿಟಕಿ ಇರುವವರು ಪುಣ್ಯವಂತರು. ಕಿಟಕಿ ಇಲ್ಲದವರು ಸಾಲಿನ ಕೊನೆಯಲ್ಲಿ ನಿಂತವರ ಮುಖ ನೋಡಿ, ಅವರಿಗೂ ಸಮಾಧಾನವಾಗುತ್ತದೆ.

ಕಣ್ಣು ಕೆಂಪಾಯಿತೆಂದು ಮೆಡಿಕಲ್ ಸ್ಟೋರಿನಲ್ಲಿ ಯಾವುದೋ ಹನಿ ಕೇಳಿ ತರಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಸ್ಟೆರಾಯ್ಡ್ ಇರುವ ಹನಿ ಎರಡು ದಿನದಲ್ಲಿ ಹಿತ ಕೊಡುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು, ಆ ಒತ್ತಡದಿಂದ ಕಳೆದ ದೃಷ್ಟಿ ಮರಳುವುದಿಲ್ಲ.

ಪರೀಕ್ಷೆಗೆ ಹೋಗುವಾಗ ಒಂದು ವಿಷಯ ತಿಳಿದಿರಲಿ. ಅಂಗಡಿಯ ಮುಂದೆ "ಕಂಪ್ಯೂಟರ್ ಕಣ್ಣು ಪರೀಕ್ಷೆ" ಎಂಬ ಬೋರ್ಡು ಇರುತ್ತದೆ. ಗಲ್ಲ ಊರಿ ಬಣ್ಣದ ಚಿತ್ರ ನೋಡುವ ಆ ಯಂತ್ರ ದೂರದ ನಂಬರನ್ನು ಅಂದಾಜು ಮಾಡುತ್ತದೆ, ಅಷ್ಟೇ. ಕಂಪ್ಯೂಟರಿನಲ್ಲಿ ಮಾಡುವ ಪರೀಕ್ಷೆ ಬೇರೆ, ಕಂಪ್ಯೂಟರಿಗಾಗಿ ಮಾಡುವ ಪರೀಕ್ಷೆ ಬೇರೆ. ಆ ಯಂತ್ರದ ಚೀಟಿ ಬಂದ ಮೇಲೆ ಟ್ರಯಲ್ ಫ್ರೇಮಿನಲ್ಲಿ ಒಂದೊಂದೇ ಗಾಜು ಹಾಕಿ, ನಿಮ್ಮ ಕೆಲಸದ ದೂರದಲ್ಲಿ ಕನ್ನಡ ಅಕ್ಷರ ಹಿಡಿದು ಓದಿಸಲು ಹೇಳಿ. ಐದು ನಿಮಿಷ ಹಾಕಿಕೊಂಡೇ ಕೂತುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಹತೋಟಿಗೆ ಬಂದ ಮೇಲೆಯೇ ನಂಬರು ತೆಗೆಸಿ, ಏರಿಳಿತದಲ್ಲಿ ನಂಬರೂ ಬದಲಾಗುತ್ತಿರುತ್ತದೆ. ದುಡ್ಡಿನ ಮುಗ್ಗಟ್ಟು ಇರುವವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 1896ರಲ್ಲಿ ಶುರುವಾದ ಮಿಂಟೋ ಕಣ್ಣಾಸ್ಪತ್ರೆ ನಮ್ಮ ರೈಲಿನ ದಾರಿಯ ಕೊನೆಯಲ್ಲೇ, ಬೆಂಗಳೂರಿನಲ್ಲಿ ಇದೆ. 2025ರ ಸೆಪ್ಟೆಂಬರ್ 22ರಿಂದ ನಂಬರಿನ ಕನ್ನಡಕದ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ನಮ್ಮ ಹಿರಿಯರ ಪಾಲಿಗೆ ಕಣ್ಣು ಅಂದರೆ ಪೊರೆ, ಪೊರೆ ಅಂದರೆ ಡಾ. ಎಂ. ಸಿ. ಮೋದಿಯವರ ಶಿಬಿರ. ಕುರುಡಾಗುವ ಭಯ ಇದ್ದರೆ ಮಾತ್ರ ಕಣ್ಣು ತೋರಿಸುವುದು ಅನ್ನುವ ರೂಢಿ ನಮಗೆ ಅಲ್ಲಿಂದ ಬಂತೋ ಏನೋ. ದಿನದ ದುಡಿಮೆಗಾಗಿ ಕಣ್ಣು ತೋರಿಸುವ ರೂಢಿ ಇನ್ನೂ ಬರಬೇಕಾಗಿದೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೂಲಿಕಾರರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಸಾದಾ ಕನ್ನಡಕ ಪಡೆದವರು, ಪಡೆಯದವರಿಗಿಂತ ಶೇ. 21.7ರಷ್ಟು ಹೆಚ್ಚು ಎಲೆ ಕಿತ್ತರು. ಎಲೆಗೆ ಇಷ್ಟಾದರೆ, ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕುವ ನಮ್ಮ ಬಿಚ್ಚಣಿಕೆಯವರಿಗೆ, ಹಾಲೆಮರದ ಬೊಂಬೆಗೆ ಅರಗು ಹಿಡಿಯುವವರಿಗೆ, ೬ ಮತ್ತು ೯ರ ಬಾಲ ನೋಡಬೇಕಾದ ನಿಮಗೆ ಎಷ್ಟಾಗಬೇಡ? ಯುರೋಪಿನ ದೇಶಗಳು 1990ರಲ್ಲೇ ನಿರ್ದೇಶನ ಹೊರಡಿಸಿ, ಪರದೆಯ ಕೆಲಸಕ್ಕೆ ವಿಶೇಷ ಕನ್ನಡಕ ಬೇಕಾದರೆ ಅದರ ಖರ್ಚು ನೌಕರನ ಮೇಲೆ ಬೀಳಬಾರದು ಎಂದವು. ನಮ್ಮ ಪಂಚಾಯಿತಿಗಳ ಅಧ್ಯಕ್ಷರು, ಪಿಡಿಒಗಳು, ತಹಸೀಲ್ದಾರರು ಈ ಪತ್ರ ಓದುತ್ತಿದ್ದರೆ ನನ್ನ ಕೋರಿಕೆ ಸಣ್ಣದು: ವರ್ಷಕ್ಕೊಂದು ದಿನ ನೇತ್ರಾಧಿಕಾರಿಗಳನ್ನು ನಿಮ್ಮ ಕಚೇರಿಗೇ ಕರೆಸಿ. ಆಪರೇಟರುಗಳನ್ನು ಅವರವರ ಕುರ್ಚಿಯಲ್ಲೇ ಕೂರಿಸಿ, ಅವರವರ ಪರದೆಯ ಮುಂದೆಯೇ ನಂಬರು ನೋಡಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಟೇಪು ಸಿಗದಿದ್ದರೆ ಒಂದು ಹುರಿ ಸಾಕು, ನಮ್ಮ ಕಡೆ ನೂಲಿಗೆ ಬರವೇ? ನಾಳೆ ಬೆಳಗ್ಗೆ ಕೆಲಸಕ್ಕೆ ಕೂತಾಗ, ಬೆನ್ನು ಕುರ್ಚಿಗೆ ಒರಗಿಸಿ, ಬಾಗದೆ ನಿಗುರದೆ, ಹುರಿಯ ಒಂದು ತುದಿಯನ್ನು ಕಣ್ಣಿನ ಪಕ್ಕ ಹಿಡಿದುಕೊಳ್ಳಿ. ಪಕ್ಕದವರು ಇನ್ನೊಂದು ತುದಿಯನ್ನು ಪರದೆಗೆ ಮುಟ್ಟಿಸಿ ಅಲ್ಲೊಂದು ಗಂಟು ಹಾಕಲಿ. ಅರ್ಜಿ ಇಡುವ ಜಾಗಕ್ಕೆ ಎಳೆದು ಇನ್ನೊಂದು ಗಂಟು. ಆ ಹುರಿಯನ್ನು ಜೇಬಿನಲ್ಲಿಟ್ಟುಕೊಂಡು ಕಣ್ಣು ತೋರಿಸಲು ಹೋಗಿ, ಅವರು ಕೇಳದಿದ್ದರೂ ತೆಗೆದು ತೋರಿಸಿ.

ನನ್ನ ಹುರಿಯಲ್ಲಿ ಗಂಟು ಬಿದ್ದಿರುವುದು 66 ಸೆಂಟಿಮೀಟರಿಗೆ. ನಿಮ್ಮದು ಎಷ್ಟಕ್ಕೆ ಬಿತ್ತು ಎಂದು ಚನ್ನಪಟ್ಟಣಕ್ಕೆ ಬಂದಾಗ ಅಂಗಡಿಗೆ ಬಂದು ಹೇಳಿ.

ಇಂತಿ,
ನಿಮ್ಮ ಪಕ್ಕದ ಕುರ್ಚಿಯವನು
ಚನ್ನಪಟ್ಟಣ